ಅಪ್ಪನಿಗೆ ಪರಭಾಷೆಯ ಸಿನಿಮಾ ಹೇಳಿ ತೋರಿಸುವ ಬಗೆ

ನನ್ನ ಅಪ್ಪನಿಗೆ 80 ದಾಟಿದೆ. ಆಳಂದ, ಸೇಡಂ, ಚಿತ್ತಾಪುರ ಠಾಣೆಗಳಲ್ಲಿ ದುಡಿದು ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಗ್ಲಾಕೋಮಾದಿಂದ ದೃಷ್ಟಿ ಕುಗ್ಗಿದೆ. ಪರದೆಯ ಮೇಲೆ ಮನುಷ್ಯರ ಆಕಾರ, ನಡಿಗೆ, ಬೆಳಕು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಆದರೆ ಪೊಲೀಸ್ ಕಥೆ ಎಂದರೆ ತಟ್ಟೆಯಲ್ಲಿ ರೊಟ್ಟಿ ಆರಿದರೂ ಅವರಿಗೆ ಪರಿವೆ ಇರುವುದಿಲ್ಲ. ಹೀಗಾಗಿ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ಏಳೆಂಟು ವರ್ಷಗಳಿಂದ ಸಂಜೆ ಹೊತ್ತು ನಾನು ಸಬ್‌ಟೈಟಲ್ ಓದುತ್ತೇನೆ, ಕನ್ನಡದಲ್ಲಿ ಹೇಳುತ್ತೇನೆ, ಅಪ್ಪ ಸಿನಿಮಾ ನೋಡುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಈ ಕೆಲಸವನ್ನು ಹೇಗೆ ಮಾಡಬೇಕು ಎಂದು ಹೇಳುತ್ತೇನೆ. ಉದಾಹರಣೆಗೆ ಒಂದೇ ಸಿನಿಮಾ ಸಾಕು. ನನ್ನನ್ನು ಅತಿ ಹೆಚ್ಚು ಕಾಡಿದ್ದೂ, ಅತಿ ಹೆಚ್ಚು ಕಲಿಸಿದ್ದೂ ಅದೇ.

ಅದು 2003ರ ಬೆಲ್ಜಿಯಂ ಸಿನಿಮಾ. ಡಚ್ ಭಾಷೆಯಲ್ಲಿ ಅದರ ಹೆಸರಿಗೆ ‘ಆಲ್ಝೈಮರ್ ಪ್ರಕರಣ’ ಎಂದರ್ಥ. ಆಲ್ಝೈಮರ್ ಎಂದರೆ ನೆನಪು ಅಳಿಸುತ್ತ ಹೋಗುವ ರೋಗ. ಯೆಫ್ ಗೇರಾರ್ಟ್ಸ್ 1985ರಲ್ಲಿ ಬರೆದ ಕಾದಂಬರಿಯಿಂದ ಎರಿಕ್ ವಾನ್ ಲೋಯ್ ಮಾಡಿದ ಚಿತ್ರ. ವಯಸ್ಸಾದ ಸುಪಾರಿ ಹಂತಕ ಲೆಡ್ಡಾನಿಗೆ ಆಂಟ್ವೆರ್ಪ್ ನಗರದಲ್ಲಿ ಎರಡು ಕೊಲೆಗಳ ಕೆಲಸ ಬರುತ್ತದೆ. ಎರಡನೆಯ ಗುರಿ 12 ವರ್ಷದ ಹುಡುಗಿ ಎಂದು ತಿಳಿದಾಗ ಅವನು ಒಲ್ಲೆನೆನ್ನುತ್ತಾನೆ, ಕೆಲಸ ಕೊಟ್ಟವರ ಮೇಲೆಯೇ ತಿರುಗಿ ಬೀಳುತ್ತಾನೆ. ಅಷ್ಟರಲ್ಲಿ ಅವನ ನೆನಪು ಕರಗತೊಡಗಿದೆ. ಯಾನ್ ಡೆಕ್ಲೇರ್ ಈ ಪಾತ್ರ ಮಾಡಿದ್ದಾರೆ. 2022ರಲ್ಲಿ ಲಿಯಾಮ್ ನೀಸನ್ ನಟಿಸಿದ ಇಂಗ್ಲಿಷ್ ರೂಪವೂ ಬಂತು. ಅಮೆರಿಕದ ಎಲ್ ಪಾಸೊಗೆ ಕಥೆಯನ್ನು ಒಯ್ದ ಆ ಚಿತ್ರಕ್ಕಿಂತ ಮೊದಲಿನದನ್ನೇ ಆರಿಸಿಕೊಳ್ಳಿ. ಡೆಕ್ಲೇರ್ ಅವರ ಮುಖದಲ್ಲಿ ದಣಿವು ಎಷ್ಟು ಸ್ಪಷ್ಟವಾಗಿದೆಯೆಂದರೆ ಮಸುಕು ಕಣ್ಣಿನವರಿಗೂ ಅದು ತಟ್ಟುತ್ತದೆ.

ಮೊದಲು ನೀವೊಬ್ಬರೇ ಎರಡು ಸಲ ನೋಡಿ. ಒಂದು ಸಲ ಕಥೆಗಾಗಿ, ಇನ್ನೊಂದು ಸಲ ನೋಟ್‌ಬುಕ್ ಹಿಡಿದು. ಇದನ್ನು ತಪ್ಪಿಸುವಂತಿಲ್ಲ. ಯಾರು ಯಾವ ದೃಶ್ಯದಲ್ಲಿ ಸುಳ್ಳು ಹೇಳುತ್ತಿದ್ದಾರೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ಹೇಳುವ ದನಿಯಲ್ಲೇ ಎಡವುತ್ತೀರಿ. ಈ ಚಿತ್ರದಲ್ಲಿ ಮಕ್ಕಳ ಲೈಂಗಿಕ ಶೋಷಣೆಯ ವಿಷಯ ಆರಂಭದಿಂದಲೇ ಇದೆ. ಮೊಮ್ಮಕ್ಕಳನ್ನು ಆ ಸಂಜೆ ಬೇರೆ ಕಡೆ ಕಳಿಸಿ, ಹಿರಿಯರಿಗೂ ಮುಂಚೆಯೇ ತಿಳಿಸಿ. ಸುತ್ತುಬಳಸಿ ಹೇಳಬೇಡಿ. ‘ಒಬ್ಬ ತಂದೆ ತನ್ನ ಮಗಳನ್ನು ಮಾರುತ್ತಿದ್ದಾನೆ, ಅಲ್ಲಿಂದ ಶುರುವಾಗುತ್ತದೆ’ ಎಂದೆ. ಅಪ್ಪ ತಲೆಯಾಡಿಸಿ, ‘ಅಂಥ ಪ್ರಕರಣ ನೋಡಿದ್ದೇನೆ, ಹಾಕು’ ಎಂದರು.

ಎರಡು ಗಂಟೆಯ ಚಿತ್ರವನ್ನು ಒಂದೇ ಸಂಜೆಗೆ ಮುಗಿಸಬೇಡಿ. ನಾವು ಮೂರು ಸಂಜೆ ಮಾಡಿಕೊಂಡೆವು. ಮೇ ತಿಂಗಳಲ್ಲಿ ನಮ್ಮೂರಿನ ಮನೆ ರಾತ್ರಿ ಎಂಟರವರೆಗೂ ಕಾದ ಹಂಚಿನಂತಿರುತ್ತದೆ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಊಟ ಮುಗಿಸಿ ಒಂಬತ್ತಕ್ಕೆ ಕೂರುವುದು ವಾಸಿ. ಹಿರಿಯರ ಎಡಗಡೆಯೋ ಬಲಗಡೆಯೋ, ಯಾವ ಕಿವಿ ಚುರುಕಾಗಿದೆಯೋ ಆ ಕಡೆ ಕುಳಿತುಕೊಳ್ಳಿ. ಚಿತ್ರದ ಧ್ವನಿಯನ್ನು ತಗ್ಗಿಸಿ, ಪೂರ್ತಿ ಮುಚ್ಚಬೇಡಿ. ನಟರ ಉಸಿರು, ಬಾಗಿಲ ಸದ್ದು ಅವರಿಗೆ ಬೇಕು.

ಇನ್ನು ಹೆಸರುಗಳು. ಪೊಲೀಸ್ ಅಧಿಕಾರಿಗಳು ಇಬ್ಬರು, ವಿಂಕೆ ಮತ್ತು ವರ್ಸ್ಟೌಫ್ಟ್. ಎರಡನೆಯ ಹೆಸರು ನನಗೇ ನಾಲಗೆಯಲ್ಲಿ ನಿಲ್ಲದು. ಅವರನ್ನು ‘ಸಾಹೇಬರು’, ‘ಜೊತೆಗಾರ’ ಎಂದು ಕರೆದೆ. ಲೆಡ್ಡಾ ಸುಲಭದ ಹೆಸರು, ಹಾಗೆಯೇ ಉಳಿಸಿಕೊಂಡೆ. ಹೊಸಬರು ಬಂದಾಗಲೆಲ್ಲ ನಿಲ್ಲಿಸಿ, ಒಂದೇ ವಾಕ್ಯದಲ್ಲಿ ಯಾರೆಂದು ಹೇಳಿ, ಮುಂದೆ ಹೋಗಿ.

ಹೆಚ್ಚು ಶ್ರಮ ಬೇಕಾಗುವುದು ಶಬ್ದಗಳಿಗೆ. ಸಬ್‌ಟೈಟಲ್‌ನ ಇಂಗ್ಲಿಷನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಅಪ್ಪನಿಗೆ ಅದು ವಾರ್ತೆ ಓದಿದಂತೆ ಕೇಳುತ್ತದೆ. ಅವರ ಠಾಣೆಯ ಭಾಷೆ ಬೇರೆ. ದೂರಲ್ಲ, ಫಿರ್ಯಾದಿ. ಕೊಲೆಯಲ್ಲ, ಖೂನಿ. ಸ್ಥಳದ ವರದಿಯಲ್ಲ, ಪಂಚನಾಮೆ. ಆ ಪದಗಳಲ್ಲಿ ಹೇಳತೊಡಗಿದ ಮೇಲೆ ಆಂಟ್ವೆರ್ಪಿನ ಕಚೇರಿ ಅವರಿಗೆ ಸೇಡಂ ಠಾಣೆಯಷ್ಟು ಹತ್ತಿರ ಬಂತು. ಕಥೆಯಲ್ಲಿ ಒಬ್ಬ ಬ್ಯಾರನ್ ಇದ್ದಾನೆ, ಕಾನೂನು ಮುಟ್ಟಲು ಹೆದರುವಂಥ ಮನೆತನ. ‘ಬ್ಯಾರನ್ ಎಂದರೆ ಜಾಗೀರ್ದಾರ’ ಎಂದೆ. ನಿಜಾಮರ ಕಾಲದಲ್ಲಿ ಹುಟ್ಟಿದವರಿಗೆ ಅದರ ಮೇಲೆ ಒಂದು ಮಾತೂ ಬೇಕಾಗಲಿಲ್ಲ.

ಭಾಷೆಯ ವಿಚಾರವನ್ನೂ ಬಿಡಬೇಡಿ. ಈ ಚಿತ್ರದಲ್ಲಿ ಡಚ್ ಇದೆ, ನಡುನಡುವೆ ಫ್ರೆಂಚ್ ಇದೆ. ಸಬ್‌ಟೈಟಲ್ ಎರಡನ್ನೂ ಒಂದೇ ಇಂಗ್ಲಿಷಿನಲ್ಲಿ ಮುಚ್ಚಿಬಿಡುತ್ತದೆ. ಬೆಲ್ಜಿಯಂನಲ್ಲಿ ಫ್ರೆಂಚ್ ಬಹಳ ಕಾಲ ದೊಡ್ಡವರ, ಅಧಿಕಾರದ ಭಾಷೆಯಾಗಿತ್ತು. 1898ರ ಕಾನೂನು ಬಂದ ಮೇಲೆಯೇ ಶಾಸನಗಳ ಮಟ್ಟಿಗೆ ಡಚ್ಚಿಗೆ ಸಮಾನ ಸ್ಥಾನ ಸಿಕ್ಕಿತು. ಅಪ್ಪ ಶಾಲೆಗೆ ಸೇರಿದಾಗ ಇಲ್ಲಿ ಕಲಿಸುತ್ತಿದ್ದುದು ಉರ್ದು. ಎರಡು ವರ್ಷ ಆ ಲಿಪಿ ತಿದ್ದಿದರು, 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನಂತರ ಕನ್ನಡ ಶಾಲೆಗೆ ಬಂದರು. ಹಾಗಾಗಿ ಪಾತ್ರಗಳು ಫ್ರೆಂಚಿಗೆ ತಿರುಗಿದಾಗ ನಾನು ‘ಈಗ ದರ್ಬಾರಿನ ಭಾಷೆ’ ಎಂದಷ್ಟೇ ಹೇಳುತ್ತಿದ್ದೆ. ನಿಮ್ಮ ಹಿರಿಯರ ಬದುಕಿನಲ್ಲೂ ಇಂಥ ಎರಡು ಭಾಷೆಗಳ ನೆನಪು ಇದ್ದೇ ಇರುತ್ತದೆ. ಅದನ್ನು ಹುಡುಕಿ ಬಳಸಿ.

ಹಿನ್ನೆಲೆ ಹೇಳುವುದಿದ್ದರೆ ಚಿತ್ರ ಹಾಕುವ ಮುಂಚೆ ಹೇಳಿ, ನಡುವೆ ಬೇಡ. ಕಥೆ ನಡೆಯುವ ಕಾಲಕ್ಕೆ ಬೆಲ್ಜಿಯಂನಲ್ಲಿ ನ್ಯಾಯಾಂಗ ಪೊಲೀಸರು ಬೇರೆ, ಸೇನೆಯ ಮೂಲದಿಂದ ಬಂದ ಜೆಂಡಾರ್ಮರಿ ಬೇರೆ. ಅವುಗಳ ನಡುವಿನ ಪೈಪೋಟಿ ಕಥೆಯೊಳಗೂ ಹರಿಯುತ್ತದೆ. 1996ರಲ್ಲಿ ಮಕ್ಕಳ ಅಪಹರಣದ ಭೀಕರ ಪ್ರಕರಣವೊಂದು ಬಯಲಾದಾಗ ಈ ಒಡಕಿನಿಂದ ತನಿಖೆ ಹೇಗೆ ಕೆಟ್ಟಿತ್ತೆಂದು ಜನರಿಗೆ ಗೊತ್ತಾಯಿತು. ಆ ಅಕ್ಟೋಬರಿನಲ್ಲಿ ಬ್ರಸೆಲ್ಸಿನ ಬೀದಿಗಳಲ್ಲಿ ಸುಮಾರು 3 ಲಕ್ಷ ಜನ ಬಿಳಿ ಬಣ್ಣ ಧರಿಸಿ ನಡೆದರು. 2001ರಲ್ಲಿ ಜೆಂಡಾರ್ಮರಿ ಇಲ್ಲವಾಯಿತು. ಇದನ್ನು ಕೇಳಿದ ಅಪ್ಪ ಚಿತ್ರದುದ್ದಕ್ಕೂ ಕಡತ ಯಾರ ಕೈಗೆ ಹೋಯಿತು ಎಂಬುದನ್ನೇ ಕಾಯುತ್ತಿದ್ದರು. ನಾನು ಗಮನಿಸದೆ ಬಿಟ್ಟಿದ್ದ ಎರಡು ಕಡೆ ಅವರೇ ನನ್ನನ್ನು ತಡೆದು ಕೇಳಿದರು.

ಈಗ ಎಲ್ಲಕ್ಕಿಂತ ಸೂಕ್ಷ್ಮದ ಮಾತು. ಲೆಡ್ಡಾ ಮರೆತಾಗ ನೀವು ನೆನಪಿಸಬೇಡಿ. ಅವನು ಎಲ್ಲಿದ್ದಾನೆಂದು ಅವನಿಗೇ ತಿಳಿಯದ ಕ್ಷಣ ಬರುತ್ತದೆ, ಚಿತ್ರವೂ ಕದಡಿದಂತಾಗುತ್ತದೆ. ಆಗ ‘ಅವನಿಗೆ ಮರೆತುಹೋಯಿತು’ ಎನ್ನಲು ನಾಲಗೆ ತುದಿಗೆ ಬಂದಿರುತ್ತದೆ. ತಡೆಯಿರಿ. ಕೇಳುತ್ತಿರುವವರೂ ಅವನ ಜೊತೆ ಒಂದು ಗಳಿಗೆ ದಿಕ್ಕುತಪ್ಪಬೇಕು. ಅವನು ಪೆನ್ನು ತೆಗೆದು ತೋಳಿನ ಮೇಲೆ ಬರೆದುಕೊಳ್ಳುವಾಗ ಮಾತ್ರ ಮಾತಾಡಿ. ‘ತೋಳಿನ ಮೇಲೆ ಬರೆಯುತ್ತಿದ್ದಾನೆ’ ಎಂದು ಹೇಳಿ, ಬರೆದದ್ದನ್ನು ಓದಿ, ಸುಮ್ಮನಾಗಿ. ಏಕೆ ಬರೆಯುತ್ತಿದ್ದಾನೆ ಎಂದು ಅವರೇ ಕಂಡುಕೊಳ್ಳಲಿ.

ಈ ರೋಗ ಹೊಸ ನೆನಪನ್ನು ಮೊದಲು ತಿನ್ನುತ್ತದೆ. ಹಳೆಯದು, ಅದರಲ್ಲೂ ಕೈಗೆ ರೂಢಿಯಾದ ಕೆಲಸ, ಹೆಚ್ಚು ಕಾಲ ಉಳಿಯುತ್ತದೆ. ಲೆಡ್ಡಾನ ಕೈಗೆ ಬಂದೂಕು ಗೊತ್ತು, ಇವತ್ತಿನ ದಿನ ಗೊತ್ತಿಲ್ಲ. ನನಗೆ ಇದು ಸಿನಿಮಾದಿಂದ ತಿಳಿದದ್ದಲ್ಲ. ನಮ್ಮ ಅವ್ವನ ಕೊನೆಯ ನಾಲ್ಕು ವರ್ಷ ಹಾಗೆಯೇ ಹೋದವು. ಬೆಳಿಗ್ಗೆ ತಿಂದದ್ದು ನೆನಪಿರುತ್ತಿರಲಿಲ್ಲ, ಆದರೆ ಜೋಳದ ಹಿಟ್ಟು ಮುಂದಿಟ್ಟರೆ ರೊಟ್ಟಿ ಬಡಿಯುತ್ತಿದ್ದಳು, ಅಂಚು ಒಂದಿಷ್ಟೂ ಸೀಳುತ್ತಿರಲಿಲ್ಲ. ಅದಕ್ಕೇ ಈ ಚಿತ್ರವನ್ನು ಅಪ್ಪನಿಗೆ ತೋರಿಸಲು ಒಂದು ವರ್ಷ ಹಿಂಜರಿದೆ. ನಿಮ್ಮ ಮನೆಯಲ್ಲೂ ಇಂಥ ನೋವಿದ್ದರೆ ವಿಷಯವನ್ನು ಮುಚ್ಚಿಡದೆ ಹೇಳಿ, ನೋಡುವುದೋ ಬಿಡುವುದೋ ಅವರೇ ತೀರ್ಮಾನಿಸಲಿ.

ಎರಡನೆಯ ಸಂಜೆ, ತೋಳಿನ ಬರಹ ಬಂದಾಗ ಅಪ್ಪ ‘ನಿಲ್ಲಿಸು ತಾಯಿ’ ಎಂದರು. ನಿಲ್ಲಿಸಿದೆ. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ‘ನಿಮ್ಮವ್ವನಿಗೆ ನಾವು ಗೋಡೆಯ ಮೇಲೆ ಬರೆದೆವು. ಬಚ್ಚಲು ಇಲ್ಲಿ, ದೇವರ ಮನೆ ಇಲ್ಲಿ ಎಂದು. ಅವಳಿಗೆ ಓದು ಬರುತ್ತಿರಲಿಲ್ಲವಲ್ಲ’ ಎಂದರು. ಆ ಬರಹ ಅಂಟಿಸಿದವಳು ನಾನು. ಅದು ನನಗೆ ಅಂದು ಹೊಳೆದಿರಲಿಲ್ಲ. ಚಿತ್ರ ಬರೆದು ಅಂಟಿಸಬಹುದಾಗಿತ್ತು.

ಇಂಥ ಹೊತ್ತಿನಲ್ಲಿ ಮತ್ತೆ ಚಿತ್ರ ಶುರುಮಾಡಲು ನೀವು ಮುಂದಾಗಬೇಡಿ. ರಿಮೋಟನ್ನು ಅವರ ಕೈಗೆ ಕೊಡಿ. ನಿಲ್ಲಿಸುವ ಗುಂಡಿಯ ಮೇಲೆ ಒಂದು ಚುಕ್ಕೆ ಬಿಂದಿ ಅಂಟಿಸಿದರೆ ಬೆರಳಿಗೆ ಸಿಗುತ್ತದೆ. ಅಪ್ಪ ಆ ರಾತ್ರಿ ಅದನ್ನು ಒತ್ತಲಿಲ್ಲ, ಅವ್ವನ ಬಗ್ಗೆಯೇ ಹನ್ನೊಂದರವರೆಗೆ ಮಾತಾಡಿದರು. ಮೂರು ದಿನ ಬಿಟ್ಟು ತಾವಾಗಿಯೇ ಬಂದು ಕುಳಿತರು.

ಕೊನೆಯನ್ನು ಇಲ್ಲಿ ಹೇಳುವುದಿಲ್ಲ. ಮುಗಿದ ತಕ್ಷಣ ಟಿವಿ ಆರಿಸಬೇಡಿ, ದೀಪವನ್ನೂ ಹಾಕಬೇಡಿ, ನೋಟ್‌ಬುಕ್ ಮಡಿಲಲ್ಲೇ ಇರಲಿ. ಪ್ರಶ್ನೆಗಳು ಆಗಲೇ ಬರುವುದು. ಅಪ್ಪ ಮೊದಲು ಕೇಳಿದ್ದು ಲೆಡ್ಡಾನ ಬಗ್ಗೆಯಲ್ಲ, ‘ಆ ಹುಡುಗಿಯ ಹೆಸರೇನಂದೆ?’ ಎಂದು. ನಾನು ಬರೆದುಕೊಂಡಿರಲಿಲ್ಲ. ಅವರು ರಿಮೋಟಿನ ಮೇಲೆ ಬೆರಳಾಡಿಸಿ ಹಿಂದಕ್ಕೆ ಓಡಿಸುವ ಗುಂಡಿ ಹುಡುಕತೊಡಗಿದರು.