ಲಾನ್ ಕಂದಿದೆಯೇ? ಔಷಧಿಗೆ ಮುನ್ನ ಮಂಡಿಯೂರಿ ನೋಡಿ

ಏಪ್ರಿಲ್-ಮೇನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಅಂಗಳದ ಹುಲ್ಲು ಅಲ್ಲಲ್ಲಿ ಕಂದುತ್ತದೆ. ತಕ್ಷಣ ಪಂಪ್ ಹೆಗಲಿಗೇರಿಸುವವರೇ ಹೆಚ್ಚು. ಮೊದಲು ಉದ್ದನೆಯ ಸ್ಕ್ರೂಡ್ರೈವರ್ ತಂದು ಹಸಿರು ಜಾಗದಲ್ಲೂ ಕಂದಿದ ಜಾಗದಲ್ಲೂ ಚುಚ್ಚಿ. ಕಂದಿದ ಕಡೆ ಮಾತ್ರ ಇಳಿಯದಿದ್ದರೆ ಅಲ್ಲಿಗೆ ನೀರು ತಲುಪಿಲ್ಲ, ಅಷ್ಟೇ. ಗಂಗಾವತಿ, ಸಿಂಧನೂರು, ಸಿರುಗುಪ್ಪದಂಥ ಕಾಲುವೆ ಸೀಮೆಯಲ್ಲಿ ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಅದು ಚೌಳು. ಯಾವ ಶಿಲೀಂಧ್ರನಾಶಕಕ್ಕೂ ಬಗ್ಗದು. ಎಲೆಯ ತುದಿಯಷ್ಟೇ ಹರಿದು ಬೆಳ್ಳಗಾಗಿದ್ದರೆ ಕತ್ತರಿಸುವ ಯಂತ್ರದ ಬ್ಲೇಡ್ ಮೊಂಡಾಗಿದೆ.

ಇವು ಯಾವುವೂ ಅಲ್ಲವೇ? ಕಂದಿದ ಜಾಗದ ಅಂಚಿನ ಹುಲ್ಲನ್ನು ಹಿಡಿದು ಎಳೆಯಿರಿ. ಬೇರಿಲ್ಲದೆ ಚಾಪೆಯಂತೆ ಮೇಲೆದ್ದರೆ ಗೊಣ್ಣೆ ಹುಳುವಿನ ಕೆಲಸ. ಒಂದು ಅಡಿ ಚೌಕದಲ್ಲಿ ಮೂರ್ನಾಲ್ಕು ಇಂಚು ಅಗೆದು ನೋಡಿ: ಕಂದು ತಲೆಯ, ಕೊಕ್ಕೆಯಾಗಿ ಮುದುಡಿದ ಬಿಳಿ ಹುಳುಗಳು ಸಿಗುತ್ತವೆ. ಒಂದೆರಡಿದ್ದರೆ ಬಿಡಿ. ಹತ್ತರ ಹತ್ತಿರವಿದ್ದರೆ ಸುಮ್ಮನಿರಬೇಡಿ. ಶೇಂಗಾ ಬೆಳೆಯುವವರಿಗೆ ಇದರ ಹಾವಳಿ ಗೊತ್ತೇ ಇದೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಬೇವು, ಜಾಲಿ ಮರಕ್ಕೆ ಮುತ್ತುವ ಕಂದು ದುಂಬಿಗಳು ಮಣ್ಣಿನಲ್ಲಿಡುವ ಮೊಟ್ಟೆಯಿಂದಲೇ ಇವು ಹುಟ್ಟುವುದು. ಆ ರಾತ್ರಿಯೇ ಕೊಂಬೆ ಅಲ್ಲಾಡಿಸಿ, ದುಂಬಿ ಆರಿಸಿ ಕೊಲ್ಲುವುದು ಎಲ್ಲಕ್ಕಿಂತ ಅಗ್ಗದ ಮದ್ದು. ಹುಳು ಮಣ್ಣಿಗಿಳಿದ ಮೇಲೆ ಮೆಟಾರೈಝಿಯಂ ಎಂಬ ಉಪಕಾರಿ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ತೇವವಿದ್ದಾಗ ಹಾಕಬಹುದು. ಗೊರವಂಕ, ಬೆಳ್ಳಕ್ಕಿಗಳು ಲಾನ್ ಕೆದಕುತ್ತಿದ್ದರೆ ಓಡಿಸಬೇಡಿ.

ಬೇರು ಗಟ್ಟಿಯಿದ್ದು ಎಲೆಗಳನ್ನಷ್ಟೇ ಯಾರೋ ತಿಂದಂತಿದ್ದರೆ ಸೋಪಿನ ಪರೀಕ್ಷೆ ಮಾಡಿ. ನಾಲ್ಕು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರಾವಣ ಕಲಸಿ ಸುಮಾರು ಒಂದು ಚದರ ಮೀಟರಿಗೆ ಸುರಿದರೆ, ಅಡಗಿದ್ದ ಸೈನಿಕ ಹುಳುಗಳು ಹತ್ತು ನಿಮಿಷದೊಳಗೆ ಮೇಲೆ ಬರುತ್ತವೆ. ಗೊಣ್ಣೆ ಹುಳು ಇದಕ್ಕೆ ಬಾರದು. ನೋಡಿದ ಮೇಲೆ ಬರೀ ನೀರು ಹಾಯಿಸಿ. ಒಣ ಹುಲ್ಲಿನ ಮೇಲೆ ಮಣ್ಣಿನ ತೆಳು ಹೊದಿಕೆ ಕಂಡರೆ, ಹೇಳಬೇಕೇ, ಗೆದ್ದಲು.

ರೋಗ ನೋಡಲು ಇಬ್ಬನಿ ಆರುವ ಮುಂಚೆ ಹೋಗಬೇಕು. ರೂಪಾಯಿ ನಾಣ್ಯದಗಲದ ಒಣಕಲು ಚುಕ್ಕೆಗಳು, ಅವುಗಳ ಮೇಲೆ ಜೇಡರ ಬಲೆಯಂಥ ಬಿಳಿ ಎಳೆ ಇದ್ದರೆ ಡಾಲರ್ ಸ್ಪಾಟ್. ಸಾರಜನಕಕ್ಕೆ ಹಸಿದ ಹುಲ್ಲಿಗೆ ಇದು ಬೇಗ ತಗಲುತ್ತದೆ. ಅಡಿಗಟ್ಟಲೆ ಅಗಲದ ಕಂದು ವೃತ್ತಗಳಾದರೆ ಬ್ರೌನ್ ಪ್ಯಾಚ್. ಇದಕ್ಕೆ ಕಾರಣ ತಿರುಗಾಮುರುಗಾ, ಸಾರಜನಕ ಅತಿಯಾಗಿದ್ದು: ಮಳೆಗಾಲದ ಸೆಕೆಯಲ್ಲಿ ಕೈಬಿಚ್ಚಿ ಹಾಕಿದ ಯೂರಿಯಾ, ಸಂಜೆ ಹಾಯಿಸಿದ ನೀರು. ನೀರನ್ನು ಬೆಳಿಗ್ಗೆಗೆ ಬದಲಿಸಿ, ಯೂರಿಯಾ ನಿಲ್ಲಿಸಿದರೆ ಎಷ್ಟೋ ಸಲ ತಾನೇ ಹತೋಟಿಗೆ ಬರುತ್ತದೆ. ಬಿಳಿ ಕರವಸ್ತ್ರಕ್ಕೆ ಕಿತ್ತಳೆ ಪುಡಿ ಅಂಟಿದರೆ ತುಕ್ಕು ರೋಗ. ಅದಕ್ಕೆ ಗಾಬರಿ ಬೇಡ.

ಇಷ್ಟಾದರೂ ಗುರುತು ಸಿಗದಿದ್ದರೆ ಅರ್ಧ ಹಸಿರು, ಅರ್ಧ ಕಂದಿದ ಅಂಚಿನ ತುಂಡನ್ನು ಬೇರು-ಮಣ್ಣು ಸಮೇತ ಕಿತ್ತು, ಪ್ಲಾಸ್ಟಿಕ್ಕಿನ ಬದಲು ಕಾಗದದಲ್ಲಿ ಸುತ್ತಿ, ಅಂದೇ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೋ ಒಯ್ದು ತೋರಿಸಿ. ಪೂರ್ತಿ ಸತ್ತ ಹುಲ್ಲು ತೋರಿಸಿದರೆ ಅವರಿಗೂ ಏನೂ ತಿಳಿಯದು.