ಮೊದಲು ತಿಂಗಳು, ಆಮೇಲೆ ದ್ವೀಪ: ನಮ್ಮ ಹನಿಮೂನ್ ಜಾಗ ಆರಿಸಿದ ಕಥೆ

ಮದುವೆ ನಿಶ್ಚಯ ಆದ ವಾರದಿಂದಲೇ ಎಲ್ಲರದ್ದೂ ಒಂದೇ ಪ್ರಶ್ನೆ. "ಹನಿಮೂನ್ ಎಲ್ಲಿಗೆ?" ನನ್ನ ಉತ್ತರ ಮಾತ್ರ ಮೊದಲೇ ರೆಡಿ ಇತ್ತು. ಯಾವುದಾದರೂ ದ್ವೀಪಕ್ಕೆ. ನಾನು ದಾವಣಗೆರೆಯವಳು. ಸಮುದ್ರ ನೋಡಿದ್ದು ಶಾಲೆಯ ಟೂರ್‌ನಲ್ಲಿ, ಮುರುಡೇಶ್ವರದಲ್ಲಿ, ಅದೂ ಅರ್ಧ ದಿನ. ತಿಳಿನೀರಿನಲ್ಲಿ ನಿಂತು ಕಾಲ ಕೆಳಗೆ ಮೀನು ಓಡಾಡೋದನ್ನ ನೋಡಬೇಕು ಅನ್ನೋದು ಬಹಳ ವರ್ಷದ ಆಸೆ.

ನಮ್ಮನೆಯವರು ಕುಂದಾಪುರದ ಕಡೆಯವರು. ಸಮುದ್ರದ ಸದ್ದು ಕೇಳುತ್ತಲೇ ಬೆಳೆದವರು. "ನಿನಗೆ ಎಲ್ಲಿ ಇಷ್ಟವೋ ಅಲ್ಲಿಗೆ ಹೋಗೋಣ" ಅಂತ ನನ್ನ ಮೇಲೇ ಬಿಟ್ಟರು. ಹಾಗಾಗಿ ಹುಡುಕೋ ಕೆಲಸ ನನ್ನದಾಯ್ತು. ಮಾಲ್ಡೀವ್ಸ್, ಬಾಲಿ, ಅಂಡಮಾನ್, ಮಾರಿಷಸ್, ಶ್ರೀಲಂಕಾ. ಹದಿನೈದು ದಿನ ರಾತ್ರಿ ಮೊಬೈಲ್ ಹಿಡಿದು ಫೋಟೋ ನೋಡಿದ್ದೇ ನೋಡಿದ್ದು. ಎಲ್ಲ ಫೋಟೋದಲ್ಲೂ ಅದೇ ನೀಲಿ ನೀರು, ಅದೇ ಬಾಗಿದ ತೆಂಗಿನ ಮರ. ಅದನ್ನು ನೋಡಿ ಆರಿಸೋದು ಹೇಗೆ?

ದಾರಿ ತೋರಿಸಿದವರು ನಮ್ಮ ಮಾವ. ಗಂಗೊಳ್ಳಿ ಬಂದರಿನಲ್ಲಿ ವರ್ಷಗಟ್ಟಲೆ ಬೋಟಿನ ಇಂಜಿನ್ ರಿಪೇರಿ ಮಾಡಿದವರು. ನಿಶ್ಚಿತಾರ್ಥ ಆದ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋಗಿದ್ದಾಗ ನನ್ನ ಪಟ್ಟಿಯನ್ನೆಲ್ಲ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಯಾವ್ ತಿಂಗ್ಳಲ್ ಹೋಪುದ್?"

ಮದುವೆ ಮೇ ಕೊನೆಯ ವಾರ. ಹಾಗಾದರೆ ಜೂನ್ ಮೊದಲ ವಾರ ಅಂದೆ. ಮಾವ ತಲೆ ಅಲ್ಲಾಡಿಸಿದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟ್‌ಗಳು ಮೀನುಗಾರಿಕೆಗೆ ಇಳಿಯುವ ಹಾಗಿಲ್ಲ. ಮೀನು ಮರಿ ಹಾಕುವ ಕಾಲ ಅನ್ನೋದು ಒಂದು ಕಾರಣ, ಕಡಲು ಕೆರಳಿರುತ್ತದೆ ಅನ್ನೋದು ಇನ್ನೊಂದು. "ಬೋಟಿನವರೇ ಇಳಿಯದ ಕಾಲದಲ್ಲಿ ನೀವು ದುಡ್ಡು ಕೊಟ್ಟು ಕಡಲಿಗೆ ಹೋಗೋದಾ? ಮೊದಲು ಗಾಳಿ ಯಾವ ಕಡೆಯದ್ದು ನೋಡಿ" ಅಂದರು. ನಾನು ನೋಡಿದ ಅಷ್ಟೂ ವಿಡಿಯೋಗಳಲ್ಲಿ ಒಬ್ಬರೂ ಈ ಪ್ರಶ್ನೆಯಿಂದ ಶುರು ಮಾಡಿರಲಿಲ್ಲ.

ಅವತ್ತು ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಎಡಗಡೆ ಹನ್ನೆರಡು ತಿಂಗಳು ಬರೆದೆ. ಮೇಲೆ ಒಂದೊಂದು ದ್ವೀಪದ ಹೆಸರು. ಮಳೆ ಇರುವ ಕಡೆ ಅಡ್ಡಗೆರೆ, ಚೆನ್ನಾಗಿರುವ ಕಡೆ ರೈಟ್ ಗುರುತು. ಆ ಒಂದು ಪುಟದಿಂದಲೇ ಅರ್ಧ ಗೊಂದಲ ಕಳೆಯಿತು.

ಅಂಡಮಾನ್‌ಗೆ ಮುಂಗಾರು ನಮಗಿಂತ ಮೊದಲೇ ಬರುತ್ತದೆ, ಮೇ ಮಧ್ಯಕ್ಕೆಲ್ಲ. ಅಲ್ಲಿಂದ ಶುರುವಾದರೆ ಸೆಪ್ಟೆಂಬರ್‌ವರೆಗೂ ಮಳೆ. ಆಮೇಲೆ ಹಿಂಗಾರಿನ ಪಾಲು ಬೇರೆ. ಡಿಸೆಂಬರ್ ಕಳೆದ ಮೇಲೆ ಕಡಲು ನಿಧಾನಕ್ಕೆ ತಣ್ಣಗಾಗುತ್ತದೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅತ್ಯಂತ ಶಾಂತ. ಮಾಲ್ಡೀವ್ಸ್‌ನಲ್ಲೂ ಮೇನಿಂದ ಅಕ್ಟೋಬರ್‌ವರೆಗೆ ನೈರುತ್ಯದ ಗಾಳಿ. ಮಳೆ ಪೂರ್ತಿ ದಿನ ಸುರಿಯೋದಿಲ್ಲ, ಆದರೆ ಮೋಡ, ಗಾಳಿ, ಅಲೆ ಇರುತ್ತೆ. ಜೂನ್‌ನಲ್ಲಿ ಪ್ಯಾಕೇಜ್ ಅಷ್ಟು ಅಗ್ಗ ಯಾಕೆ ಅಂತ ಆಗ ಅರ್ಥ ಆಯ್ತು. ಬಾಲಿ ಇದಕ್ಕೆ ತದ್ವಿರುದ್ಧ. ಅದು ಭೂಮಧ್ಯರೇಖೆಯ ಆಚೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ. ಮಾರಿಷಸ್‌ನಲ್ಲಿ ಜೂನ್ ಅಂದರೆ ಚಳಿಗಾಲ. ನಡೆದಾಡೋಕೆ ಹಿತ, ನೀರಿಗೆ ಇಳಿಯೋಕೆ ಸ್ವಲ್ಪ ತಂಪು. ಅಲ್ಲಿ ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಅನಿಸಿದ್ದು ಶ್ರೀಲಂಕಾ. ಅಷ್ಟು ಸಣ್ಣ ದೇಶಕ್ಕೆ ಎರಡು ಕಾಲ. ಜೂನ್‌ನಲ್ಲಿ ಬೆಂಟೋಟ, ಮಿರಿಸ್ಸ ಇರುವ ನೈರುತ್ಯದ ದಡದಲ್ಲಿ ಮುಂಗಾರಿನ ಅಬ್ಬರ. ಅದೇ ದಿನ ಪೂರ್ವದ ಟ್ರಿಂಕೋಮಲಿ, ನಿಲಾವೆಲಿ, ಪಾಸಿಕುಡಾದಲ್ಲಿ ಬಿಸಿಲು, ಶಾಂತ ನೀರು. ಡಿಸೆಂಬರ್‌ಗೆ ಪೂರ್ತಿ ಉಲ್ಟಾ. ಮೇ ತಿಂಗಳಲ್ಲಿ ಮದುವೆ ಆಗಿ ತಕ್ಷಣ ಹೋಗಲೇಬೇಕು ಅನ್ನುವವರು, ಹತ್ತಿರ ಮತ್ತು ಕಡಿಮೆ ಖರ್ಚಿನಲ್ಲಿ ಆಗಬೇಕು ಅಂದರೆ, ಈ ಪೂರ್ವದ ದಡವನ್ನು ಒಮ್ಮೆ ನೋಡಲೇಬೇಕು ಅಂತ ನನ್ನ ಅಭಿಪ್ರಾಯ.

ಹಾಗಾದರೆ ಜೂನ್‌ಗೆ ಬಾಲಿಯೋ, ಶ್ರೀಲಂಕಾವೋ? ಇಲ್ಲೇ ನಮ್ಮ ಮನೆಯ ಲೆಕ್ಕ ಬಂತು. ನನ್ನ ಪಾಸ್‌ಪೋರ್ಟ್ ಇನ್ನೂ ಪೊಲೀಸ್ ವೆರಿಫಿಕೇಶನ್‌ನಲ್ಲಿತ್ತು. ಮದುವೆಗೆ ಹಾಕಿದ ರಜೆ ಮದುವೆಗೇ ಮುಗಿಯುತ್ತಿತ್ತು. ಅದಾದ ಮೇಲೆ ಆಷಾಢ, ನಾನು ತವರಿಗೆ. "ಮದುವೆ ಆದ ತಕ್ಷಣ ಹೋಗಲೇಬೇಕು ಅಂತ ಯಾರು ಹೇಳಿದ್ದು?" ಅಂದರು ಇವರು. ಆ ಮಾತು ಕೇಳಿ ನನಗೆ ಎಷ್ಟು ಹಗುರ ಆಯ್ತು ಅಂದರೆ, ಅವತ್ತೇ ಫೆಬ್ರವರಿ ಅಂತ ಗೊತ್ತುಮಾಡಿದೆವು. ಮಳೆಗಾಲದಲ್ಲಿ ಎರಡು ದಿನ ಆಗುಂಬೆಗೆ ಹೋಗಿಬಂದೆವು, ಅಷ್ಟೇ. ನೆಂಟರು "ಇನ್ನೂ ಎಲ್ಲೂ ಹೋಗಲಿಲ್ವಾ?" ಅಂತ ಕೇಳಿದರು. ಕೇಳಲಿ ಬಿಡಿ.

ತಿಂಗಳು ಸಿಕ್ಕಿತು. ಫೆಬ್ರವರಿ ಅಂದ ಮೇಲೆ ಬಾಲಿ, ಮಾರಿಷಸ್ ತಾವಾಗೇ ಬಿಟ್ಟುಹೋದವು. ಶ್ರೀಲಂಕಾವನ್ನು ನಾವೇ ಕೈಬಿಟ್ಟೆವು, ಮಾವನ ಮಾತಿಗೆ ಲಕ್ಷದ್ವೀಪ ಪಟ್ಟಿಗೆ ಸೇರಿತು. ಉಳಿದದ್ದು ಮಾಲ್ಡೀವ್ಸ್, ಲಕ್ಷದ್ವೀಪ, ಅಂಡಮಾನ್. ಆಗ ಇನ್ನೊಂದು ಕೆಲಸ ಮಾಡಿದೆವು. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ, ಒಬ್ಬರಿಗೊಬ್ಬರು ತೋರಿಸದೆ, ನಮಗೆ ಬೇಕಾದ ಮೂರು ವಿಷಯ ಬರೆದೆವು. ನಂದು: ತಿಳಿನೀರು, ಭಯ ಇಲ್ಲದೆ ಸಸ್ಯಾಹಾರಿ ಊಟ, ಒಂದೇ ಕಡೆ ವಾರ ಪೂರ್ತಿ ಕೂರಬಾರದು. ಇವರದ್ದು: ಒಳ್ಳೆ ಮೀನೂಟ, ನಡೆಯೋಕೆ ಕಾಡು ಅಥವಾ ಊರು, 1 ಲಕ್ಷ 20 ಸಾವಿರ ದಾಟಬಾರದು. ಮದುವೆಯಾಗಿ ತಿಂಗಳುಗಳೇ ಕಳೆದಿದ್ದರೂ ಇವರಿಗೆ ನಡೆಯೋದು ಇಷ್ಟ ಅಂತ ನನಗೆ ಗೊತ್ತಾಗಿದ್ದು ಆ ಚೀಟಿಯಿಂದ.

ಮಾಲ್ಡೀವ್ಸ್ ಬಗ್ಗೆ ನಾನು ಎಲ್ಲಕ್ಕಿಂತ ಜಾಸ್ತಿ ವಿಚಾರಿಸಿದೆ, ಯಾಕೆಂದರೆ ಮನಸ್ಸು ಅಲ್ಲೇ ಇತ್ತು. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ವೀಸಾ ಉಚಿತವಾಗಿ ಸಿಗುತ್ತದೆ. ಬೆಂಗಳೂರಿನಿಂದ ದೂರವೂ ಇಲ್ಲ. ಒಬ್ಬ ಏಜೆಂಟ್ ನಾಲ್ಕು ರಾತ್ರಿಗೆ ಹೇಳಿದ ರೇಟ್ ಕೇಳಿ ಖುಷಿಯಾಗಿ ಇನ್ನೇನು ಅಡ್ವಾನ್ಸ್ ಹಾಕಬೇಕು, ಆಗ ಇವರು "ಏರ್‌ಪೋರ್ಟ್‌ನಿಂದ ರೆಸಾರ್ಟ್‌ಗೆ ಹೇಗೆ?" ಅಂತ ಕೇಳಿದರು. ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ, ಅದರ ದುಡ್ಡು ಆ ರೇಟ್‌ನಲ್ಲಿ ಸೇರಿರಲೇ ಇಲ್ಲ. ಸೇರಿಸಿದರೆ ನಮ್ಮ ಬಜೆಟ್ ಅಲ್ಲೇ ಮುರಿಯಿತು. ಊಟವೂ ಬರೀ ಬೆಳಗಿನ ತಿಂಡಿ. ದ್ವೀಪ ಒಂದು, ರೆಸಾರ್ಟ್ ಒಂದು. ಮಧ್ಯಾಹ್ನ, ರಾತ್ರಿ ಅವರು ಹೇಳಿದ ರೇಟಿಗೇ ತಿನ್ನಬೇಕು, ಹೊರಗೆ ಹೋಗೋಕೆ ಹೊರಗೆ ಅನ್ನೋದೇ ಇಲ್ಲ. ಸೀಪ್ಲೇನ್ ಹಾರೋದು ಬೆಳಕಿದ್ದಾಗ ಮಾತ್ರ. ವಿಮಾನ ಸಂಜೆ ತಡವಾಗಿ ಇಳಿದರೆ ರಾಜಧಾನಿ ಮಾಲೆಯಲ್ಲೇ ಒಂದು ರಾತ್ರಿ. ಮಾಲ್ಡೀವ್ಸ್‌ಗೆ ಹೋಗುವವರು ದಯವಿಟ್ಟು ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ: ಹೋಗಿಬರುವ ಬೋಟ್ ಅಥವಾ ಸೀಪ್ಲೇನ್ ದುಡ್ಡು, ಎಷ್ಟು ಹೊತ್ತಿನ ಊಟ, ತೆರಿಗೆ ಮತ್ತು ಸರ್ವಿಸ್ ಚಾರ್ಜ್. ಖರ್ಚು ಕಡಿಮೆ ಮಾಡಬೇಕು ಅಂದರೆ ಮಾಫುಶಿಯಂಥ ಜನವಸತಿಯ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಇವೆ. ಅಲ್ಲಿ ಊರಿನ ರೀತಿಗೆ ತಕ್ಕಂತೆ ಬಟ್ಟೆ ಹಾಕಬೇಕು. ಈಜುಡುಗೆಗೆ ಬೇರೆ ಬೀಚ್ ಗೊತ್ತುಮಾಡಿರುತ್ತಾರೆ.

ಲಕ್ಷದ್ವೀಪದ ಮೇಲೆ ಮಾವನಿಗೆ ಒಲವು. ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ಅಕ್ಕಿ, ತರಕಾರಿ, ಕಲ್ಲು ಹೊತ್ತು ಹೋಗುವ ಮಂಜಿಗಳನ್ನು (ಸರಕಿನ ದೊಡ್ಡ ಮರದ ದೋಣಿಗಳನ್ನು) ಅವರು ಕಣ್ಣಾರೆ ಕಂಡವರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅಂತ ನನಗೆ ಗೊತ್ತಾಗಿದ್ದು ಅವರಿಂದ. ಅಲ್ಲಿಗೆ ಹೋಗಬೇಕು ಅನ್ನೋ ಆಸೆ ಈಗಲೂ ಇದೆ. ಆದರೆ ಹೊರಗಿನವರಿಗೆ ಪರ್ಮಿಟ್ ಬೇಕು, ಕೊಚ್ಚಿಯಿಂದ ಹಡಗಿನಲ್ಲಿ ಸೀಟು ಅಥವಾ ಅಗತ್ತಿಗೆ ವಿಮಾನ ಸಿಗಬೇಕು, ಉಳಿಯೋಕೆ ಜಾಗ ಕಡಿಮೆ. ಈ ಮೂರೂ ನಮ್ಮ ರಜೆಯ ದಿನಕ್ಕೆ ಕೂಡಿಬರಲಿಲ್ಲ.

ಅಂಡಮಾನ್ ಎರಡೂ ಚೀಟಿಗೆ ಹೊಂದಿತು. ಬೆಂಗಳೂರಿನಿಂದ ನೇರ ವಿಮಾನ, ಸುಮಾರು ಎರಡೂವರೆ ಗಂಟೆ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. ಬುಕ್ ಮಾಡುವಾಗ ಎರಡೂ ಹೆಸರು ಹಾಕಿ ಹುಡುಕಿ, ಬೋಟಿನವರು ಹಳೆ ಹೆಸರನ್ನೇ ಬಳಸುತ್ತಾರೆ.

ಬುಕ್ಕಿಂಗ್‌ನಲ್ಲಿ ನಾವು ಹಿಡಿದ ಕ್ರಮ ಹೇಳುತ್ತೇನೆ, ಇದು ನಿಜಕ್ಕೂ ಉಪಯೋಗಕ್ಕೆ ಬಂತು. ಮೊದಲು ವಿಮಾನ, ಆಮೇಲೆ ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರಿ, ಕೊನೆಗೆ ರೂಮು. ನಾವು ನೋಡುವ ಹೊತ್ತಿಗೆ ಬೇಕಾದ ಹೊತ್ತಿನ ಫೆರಿ ಸೀಟು ಅರ್ಧಕ್ಕರ್ಧ ತುಂಬಿತ್ತು. ರೂಮು ಮೊದಲು ಮಾಡಿದ್ದರೆ ಒಂದು ರಾತ್ರಿಯ ದುಡ್ಡು ಹೋಗುತ್ತಿತ್ತು. ಮೊದಲ ರಾತ್ರಿ ಶ್ರೀ ವಿಜಯಪುರಂ, ಮೂರು ರಾತ್ರಿ ಸ್ವರಾಜ್ ದ್ವೀಪ, ಒಂದು ರಾತ್ರಿ ಶಹೀದ್ ದ್ವೀಪ, ಕೊನೆಯ ರಾತ್ರಿ ಮತ್ತೆ ಶ್ರೀ ವಿಜಯಪುರಂ. ಕೊನೆಯ ರಾತ್ರಿ ಅಲ್ಲೇ ಇರಲೇಬೇಕು ಅಂದವರು ಮಾವ. ಕಡಲು ಕೆಟ್ಟರೆ ಫೆರಿ ನಿಲ್ಲುತ್ತದೆ, ವಿಮಾನ ಕಾಯೋದಿಲ್ಲ. ಒಟ್ಟು ಖರ್ಚು ಇಬ್ಬರಿಗೆ 1 ಲಕ್ಷ 8 ಸಾವಿರ ಆಯ್ತು.

ರೂಮು ಆರಿಸುವಾಗ ಇನ್ನೊಂದು ಪಾಠ. "ಬೀಚ್ ಎದುರಿಗೇ" ಅಂತ ಬರೆದಿರುವ ಕಡೆ ನೀರು ಇಳಿದಾಗ ಹೇಗಿರುತ್ತೆ ಅಂತ ಫೋನ್ ಮಾಡಿ ಕೇಳಿ. ಸ್ವರಾಜ್ ದ್ವೀಪದ ವಿಜಯನಗರ ಬೀಚ್ ಕಡೆ ಉಬ್ಬರದಲ್ಲಿ ಬಾಗಿಲವರೆಗೆ ನೀಲಿ ನೀರು. ಇಳಿತದಲ್ಲಿ ನೀರು ಎಷ್ಟೋ ದೂರ ಹಿಂದೆ ಸರಿದು ಬರೀ ಕಲ್ಲು, ಹವಳ. ನೋಡೋಕೆ ಚೆಂದ, ಈಜೋಕೆ ಆಗಲ್ಲ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ನಾವು ದಿನಾ ಬೆಳಿಗ್ಗೆ ಹೋಟೆಲ್ ಹುಡುಗನನ್ನು ಕೇಳಿ ಅವತ್ತಿನ ಪ್ಲಾನ್ ಮಾಡುತ್ತಿದ್ದೆವು. ಶಹೀದ್ ದ್ವೀಪದ ಕಲ್ಲಿನ ಸೇತುವೆಗೆ ಇಳಿತದಲ್ಲೇ ಹೋಗಬೇಕು. ಭರತ್‌ಪುರ ಬೀಚ್‌ಗೆ ನೀರು ಇದ್ದಾಗಲೇ ಹೋಗಬೇಕು.

ಸಣ್ಣಪುಟ್ಟದ್ದು ಒಂದೆರಡು. ಕೈಯಲ್ಲಿ ನಗದು ಇರಲಿ, ನೆಟ್‌ವರ್ಕ್ ಕೈಕೊಟ್ಟಾಗ ಫೋನ್‌ನಲ್ಲಿ ದುಡ್ಡು ಹೋಗಲ್ಲ. ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಚ್ಚುತ್ತವೆ, ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಮೊಸಳೆ ಎಚ್ಚರಿಕೆಯ ಬೋರ್ಡ್ ಇರುವ ಕಡೆ ನೀರಿಗೆ ಇಳಿಯಲೇಬೇಡಿ. ಚಿಪ್ಪು, ಹವಳ ಹೆಕ್ಕಿ ತರಬೇಡಿ, ಅದು ಕಾನೂನಿಗೆ ವಿರುದ್ಧ. ಊಟದ ಚಿಂತೆ ಇರಲಿಲ್ಲ. ದ್ವೀಪದಲ್ಲಿ ಬಂಗಾಳಿ ಕುಟುಂಬಗಳು ಜಾಸ್ತಿ. ಅನ್ನ, ಬೇಳೆ, ಅಲ್ಲೇ ಬೆಳೆದ ತರಕಾರಿ ನನಗೆ. ಪಕ್ಕದ ತಟ್ಟೆಯಲ್ಲಿ ಇವರಿಗೆ ಮೀನು.

ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚ್‌ನಲ್ಲಿ ನನ್ನ ಆಸೆ ತೀರಿತು. ನನಗೆ ಈಜು ಬರಲ್ಲ. ಲೈಫ್ ಜಾಕೆಟ್ ಹಾಕಿ, ರಬ್ಬರ್ ಟ್ಯೂಬ್ ಹಿಡಿಸಿ, ಗೈಡ್ ಹುಡುಗ ಎಳೆದುಕೊಂಡು ಹೋದ. ಮುಖ ನೀರಿಗೆ ಇಡೋಕೆ ಐದು ನಿಮಿಷ ಭಯಪಟ್ಟೆ. ಬಾಯಲ್ಲಿ ಕೊಳವೆ, ಮೂಗು ಮುಚ್ಚಿದೆ, ಉಸಿರು ಸಿಕ್ಕಿಕೊಂಡ ಹಾಗೆ. ಇವರು ಒಂದು ಕೈ ಹಿಡಿದುಕೊಂಡು "ನಿಧಾನಕ್ಕೆ ಉಸಿರು ಬಿಡು, ಎಳಕೊಳ್ಳೋದು ತಾನಾಗೇ ಆಗುತ್ತೆ" ಅಂದರು. ಇಟ್ಟೆ. ಮೇಲಿನ ಗಲಾಟೆ ಎಲ್ಲ ಒಮ್ಮೆಲೇ ನಿಂತು ಕೆಳಗಿನಿಂದ ಕಟ್ ಕಟ್ ಅಂತ ಸಣ್ಣ ಸದ್ದು. ಹಸಿರು ನೀಲಿ ಮೀನೊಂದು ಹವಳವನ್ನು ಕಚ್ಚಿ ಕಚ್ಚಿ ತಿನ್ನುತ್ತಿತ್ತು. ಪ್ಯಾರಟ್ ಫಿಶ್, ಅಂದರೆ ಗಿಳಿಮೀನು. ಅದಕ್ಕೆ ನಿಜವಾಗಲೂ ಗಿಳಿಯ ಕೊಕ್ಕಿನಂಥ ಬಾಯಿ. ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ, ಬೆರಳೆಲ್ಲ ಸುಕ್ಕಾಗಿತ್ತು.

ಅವತ್ತು ಸಂಜೆ ರಾಧಾನಗರ ಬೀಚ್. ಅದಕ್ಕೂ ನಮ್ಮ ಪಡುಬಿದ್ರಿ, ಕಾಸರಕೋಡಿಗೂ 2020ರಲ್ಲಿ ಒಟ್ಟಿಗೇ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಬೀಚ್ ಅನ್ನೋ ಮಾನ್ಯತೆ, ಸಿಕ್ಕಿದ್ದು ಅಂತ ಇವರು ಹೆಮ್ಮೆಯಿಂದ ಹೇಳಿದರು. ಅಂಡಮಾನ್ ನಮಗಿಂತ ಎಷ್ಟೋ ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಅಲ್ಲಿ ಬೇಗ ಬೆಳಗಾಗುತ್ತದೆ, ಬೇಗ ಕತ್ತಲಾಗುತ್ತದೆ. ಇದು ಗೊತ್ತಿಲ್ಲದೆ ಆರಕ್ಕೆ ಬೀಚ್‌ಗೆ ಬಂದರೆ ಸೂರ್ಯಾಸ್ತ ತಪ್ಪಿತು ಅಂತಲೇ ಲೆಕ್ಕ. ನಾವು ನಾಲ್ಕಕ್ಕೇ ಹೋಗಿ ಕೂತಿದ್ದೆವು. 5.30ರೊಳಗೆ ಸೂರ್ಯ ಮುಳುಗಿದ. ನೀರಿನ ಮೇಲೆ ಕೆಂಪು ಇನ್ನೂ ಇರುವಾಗಲೇ ಇವರು ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಇಲ್ಲಿನ್ನೂ ಬಿಸ್ಲೇ ಹೋಯ್ಲಿಲ್ಲ" ಅಂದರು ಮಾವ. ಹಿಂದೆ ಅತ್ತೆ ಹಪ್ಪಳ ಒಳಗೆ ತರೋಕೆ ಯಾರನ್ನೋ ಕೂಗುತ್ತಿದ್ದರು. ಆಮೇಲೆ ಮಾವ ಕೇಳಿದರು, "ಗಾಳಿ ಹ್ಯಾಂಗಿತ್ತ್?"

ನಾನು ತೆಂಗಿನ ಗರಿಯ ಕಡೆ ನೋಡಿದೆ.

"ಗಾಳಿನೇ ಇಲ್ಲ ಮಾವ. ಒಂದು ಗರಿ ಅಲ್ಲಾಡ್ತಿಲ್ಲ."