ಜೆಆರ್‌ಎಫ್ ಬಂದ ಮೇಲೆ: ಗೈಡ್, ದುಡ್ಡು ಮತ್ತು ಒಂದು ಫೈಲು

ನೆಟ್ (ಅಧ್ಯಾಪಕ ಕೆಲಸಕ್ಕೆ, ಸಂಶೋಧನೆಗೆ ಅರ್ಹತೆ ಕೊಡುವ ರಾಷ್ಟ್ರೀಯ ಪರೀಕ್ಷೆ) ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ‘ಮೇಡಂ, ಜೆಆರ್‌ಎಫ್ ಆಯ್ತು!’ ಅಂತ ಹಳೆಯ ವಿದ್ಯಾರ್ಥಿಗಳು ಕೂಗುತ್ತಾರೆ. ಜೆಆರ್‌ಎಫ್ ಅಂದರೆ ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಫೆಲೋಶಿಪ್. ನನಗೂ ಅಷ್ಟೇ ಖುಷಿ. ಖುಷಿಯೆಲ್ಲ ಹಂಚಿಕೊಂಡ ಮೇಲೆ ಒಂದು ಮಾತು ಕೇಳುತ್ತೇನೆ: ‘ಅವಾರ್ಡ್ ಲೆಟರ್ ಡೌನ್‌ಲೋಡ್ ಮಾಡಿ ಎರಡು ಕಡೆ ಇಟ್ಟಿದ್ದೀಯಾ?’

ನಾನು ಉತ್ತರ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ನಾನು ಪಿಎಚ್‌ಡಿ ಮಾಡುವಾಗ ಎಂಟು ತಿಂಗಳು ಫೆಲೋಶಿಪ್ ನಿಂತುಹೋಗಿತ್ತು. ಜಾಯಿನಿಂಗ್ ರಿಪೋರ್ಟಿನಲ್ಲಿ ಒಂದು ತಾರೀಕು, ರಿಜಿಸ್ಟ್ರೇಷನ್ ಪತ್ರದಲ್ಲಿ ಇನ್ನೊಂದು. ನನ್ನ ಕೆಲಸ ನೆಲದ ಆರ್ಕಿಡ್‌ಗಳ ಮೇಲೆ, ಹಬೆನೇರಿಯಾ ಗುಂಪಿನವು. ಅವು ಹೂ ಬಿಡುವುದು ಮಳೆಗಾಲದಲ್ಲಿ. ಆ ಮಳೆಗಾಲ ಬಸ್ ಚಾರ್ಜಿಗೆ ದುಡ್ಡಿಲ್ಲದೆ ಘಟ್ಟಕ್ಕೆ ಹೋಗಲಾಗಲಿಲ್ಲ. ತಾರೀಕು ಆಮೇಲೆ ತಿದ್ದಿದರು, ಬಾಕಿ ದುಡ್ಡೂ ಬಂತು. ಆ ವರ್ಷದ ಹೂ ಮಾತ್ರ ಮತ್ತೆ ಸಿಗಲಿಲ್ಲ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ದುಡ್ಡಿನ ದಾರಿಯನ್ನೂ ಗಿಡ ಗುರುತಿಸುವುದನ್ನೂ ಒಟ್ಟಿಗೇ ಕಲಿಸುತ್ತೇನೆ.

ಮೊದಲು ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ತಿಳಿದಿರಲಿ. ರಾಜ್ಯ ವಿಶ್ವವಿದ್ಯಾಲಯದಲ್ಲಿ ಕಾಯಂ ಅಧ್ಯಾಪಕರ ಸಂಬಳ ರಾಜ್ಯ ಸರ್ಕಾರದ್ದು. ಸಂಶೋಧನೆಯ ದುಡ್ಡಿನ ದೊಡ್ಡ ಪಾಲು ಹೊರಗಿನಿಂದ, ಮೂರು ಬಾಗಿಲಿನಿಂದ ಬರುತ್ತದೆ. ಒಂದು, ನಿಮ್ಮ ಹೆಸರಿಗೇ ಬರುವ ಫೆಲೋಶಿಪ್. ಎರಡು, ಗೈಡ್ (ಪಿಎಚ್‌ಡಿ ಮಾರ್ಗದರ್ಶಕರು) ಹೆಸರಿಗೆ ಬರುವ ಪ್ರಾಜೆಕ್ಟ್. ಮೊದಲು ಕೇಂದ್ರದ ಎಸ್‌ಇಆರ್‌ಬಿ (ವಿಜ್ಞಾನ ಸಂಶೋಧನೆಗೆ ದುಡ್ಡು ಕೊಡುವ ಮಂಡಳಿ) ಕೊಡುತ್ತಿದ್ದ ಪ್ರಾಜೆಕ್ಟುಗಳನ್ನು 2024ರಿಂದ ಅದರ ಜಾಗಕ್ಕೆ ಬಂದ ಎಎನ್‌ಆರ್‌ಎಫ್ ನೋಡಿಕೊಳ್ಳುತ್ತಿದೆ. ಮೂರು, ವಿಭಾಗಕ್ಕೆ ಉಪಕರಣ ಕೊಳ್ಳಲು ಬರುವ ದುಡ್ಡು. ಕೇಂದ್ರದ ಫಿಸ್ಟ್ ಯೋಜನೆ, ನಮ್ಮ ರಾಜ್ಯದ ವಿಜ್ಞಾನ-ತಂತ್ರಜ್ಞಾನ ಸಮಿತಿ ವಿಜಿಎಸ್‌ಟಿ ಕೊಡುವ ಕೆ-ಫಿಸ್ಟ್ ಈ ಬಗೆಯವು. ವಿಭಾಗ ಸೇರುವ ಮೊದಲು ಉಪಕರಣ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ನೀವು ಅದು ನಡೆಯುತ್ತಿದೆಯಾ, ರಿಪೇರಿ ದುಡ್ಡು ಯಾರದು ಅಂತಲೂ ಕೇಳಿ. ಕೆಟ್ಟುನಿಂತ ಯಂತ್ರವನ್ನು ನಂಬಿ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಬರೆದು ಒದ್ದಾಡಿದವರನ್ನು ನೋಡಿದ್ದೇನೆ.

ನಿಮ್ಮ ಹೆಸರಿನ ಜೆಆರ್‌ಎಫ್‌ಗೂ ಪ್ರಾಜೆಕ್ಟಿನ ಜೆಆರ್‌ಎಫ್‌ಗೂ ಬಹಳ ವ್ಯತ್ಯಾಸವಿದೆ. ಪ್ರಾಜೆಕ್ಟ್ ಸಾಮಾನ್ಯವಾಗಿ ಮೂರು ವರ್ಷ. ಪಿಎಚ್‌ಡಿ ಅಷ್ಟರಲ್ಲಿ ಮುಗಿಯುವುದು ಅಪರೂಪ. ಪ್ರಾಜೆಕ್ಟ್ ಮುಗಿದ ದಿನ ನಿಮ್ಮ ದುಡ್ಡೂ ನಿಲ್ಲುತ್ತದೆ. ಹಾಗಾಗಿ ಪ್ರಾಜೆಕ್ಟಿಗೆ ಸೇರುವವರು ‘ಇನ್ನು ಎಷ್ಟು ತಿಂಗಳು ಉಳಿದಿದೆ ಸರ್?’ ಅಂತ ಸಂಕೋಚವಿಲ್ಲದೆ ಕೇಳಬೇಕು. ಒಳ್ಳೆಯ ಗೈಡ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೊಡುವ ಜೆಆರ್‌ಎಫ್ ನಿಮ್ಮ ಹಿಂದೆಯೇ ಬರುತ್ತದೆ. ಒಟ್ಟು ಐದು ವರ್ಷ. 2023ರ ಜನವರಿ 1ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಅದರ ಮುಂದಿನ ಹಿರಿಯ ಹಂತ) ಆದ ಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಊರಿನ ದರ್ಜೆ ನೋಡಿ ಮನೆ ಬಾಡಿಗೆ ಭತ್ಯೆ ಬೇರೆ. ಅವಾರ್ಡ್ ಲೆಟರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಆದ್ದರಿಂದ ಗಾಬರಿಯಿಂದ ಸಿಕ್ಕ ಗೈಡ್ ಹತ್ತಿರ ಸೇರಿಕೊಳ್ಳಬೇಡಿ. ಎರಡು ತಿಂಗಳು ಹುಡುಕಿ.

ಹುಡುಕುವುದು ಹೇಗೆ? ಶೋಧಗಂಗಾ ತೆರೆಯಿರಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಪೂರ್ತಿ ಸಿಗುತ್ತವೆ, ಪುಕ್ಕಟೆ. ಗೈಡ್ ಹೆಸರು ಹಾಕಿ. ಅವರ ಕೈಕೆಳಗೆ ಎಷ್ಟು ಜನ ಮುಗಿಸಿದ್ದಾರೆ, ಯಾವ ವಿಷಯದಲ್ಲಿ, ದಾಖಲೆ ಇದ್ದ ಕಡೆ ನೋಂದಣಿಯಿಂದ ಮುಗಿಯುವವರೆಗೆ ಎಷ್ಟು ವರ್ಷ ಹಿಡಿಯಿತು, ಎಲ್ಲ ನೋಡಿ. ಎರಡು ಪ್ರಬಂಧ ಪೂರ್ತಿ ಓದಿ. ಎರಡರಲ್ಲೂ ಅದೇ ಪ್ಯಾರಾಗಳು ಕಂಡರೆ ಅಲ್ಲಿಗೆ ಹೋಗಬೇಡಿ. ಮುನ್ನುಡಿಯ ಕೃತಜ್ಞತೆಗಳನ್ನೂ ಓದಿ. ವಿದ್ಯಾರ್ಥಿ ತನ್ನ ಗೈಡ್ ಬಗ್ಗೆ ಬರೆದದ್ದು ಬಾಯಿಪಾಠವೋ ಮನಸ್ಸಿನ ಮಾತೋ ಅನ್ನುವುದು ತಿಳಿದುಬಿಡುತ್ತದೆ. ಆಮೇಲೆ ಸೀಟು ಖಾಲಿ ಇದೆಯಾ ವಿಚಾರಿಸಿ. 2022ರ ಯುಜಿಸಿ ನಿಯಮದ ಪ್ರಕಾರ ಒಂದು ಹೊತ್ತಿಗೆ ಪ್ರೊಫೆಸರ್ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಜನರನ್ನು ತೆಗೆದುಕೊಳ್ಳಬಹುದು.

ಜೆಆರ್‌ಎಫ್ ಕೈತಪ್ಪಿದವರೂ ನಿಲ್ಲಬೇಕಾಗಿಲ್ಲ. ಈಗ ನೆಟ್‌ನಲ್ಲಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ ಕೊಡುವ ದರ್ಜೆಯೂ ಇದೆ. ಆ ಅಂಕ ಒಂದು ವರ್ಷ ನಡೆಯುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಬೇರೆ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಕರ್ನಾಟಕದಲ್ಲಿ ವಿಜ್ಞಾನ ಓದುವವರು ಕೆ-ಸ್ಟೆಪ್ಸ್ (ರಾಜ್ಯದ ವಿಜ್ಞಾನ ಪ್ರೋತ್ಸಾಹಕ ಸಂಸ್ಥೆ) ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಿ.

ಇನ್ನು ಜಾಯಿನಿಂಗ್. ಇದನ್ನು ಸಾವಧಾನವಾಗಿ ಓದಿ. ಒಂದು ಗಟ್ಟಿ ಬಾಕ್ಸ್ ಫೈಲ್ ಕೊಳ್ಳಿ. ಅವಾರ್ಡ್ ಲೆಟರ್, ಪ್ರವೇಶ ಪತ್ರ, ರಿಜಿಸ್ಟ್ರೇಷನ್ ಪತ್ರ, ಜಾಯಿನಿಂಗ್ ರಿಪೋರ್ಟ್, ಆಧಾರ್ ಜೋಡಿಸಿದ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲ ಅದರಲ್ಲಿರಲಿ. ಹೆಸರಿನ ಅಕ್ಷರ ಎಲ್ಲ ಕಡೆ ಒಂದೇ ಇದೆಯಾ ನೋಡಿ. ನಮ್ಮ ಕಡೆ ಇನಿಷಿಯಲ್ ಹಿಂದೆ ಮುಂದೆ ಆಗುವುದು ಜಾಸ್ತಿ. ತಾರೀಕುಗಳನ್ನು ಬೆರಳಿಟ್ಟು ಹೋಲಿಸಿ. ಸಹಿ ಬೀಳುವ ಮೊದಲು ತಿದ್ದುವುದು ಐದು ನಿಮಿಷದ ಕೆಲಸ. ಸಹಿ ಬಿದ್ದ ಮೇಲೆ ಎಂಟು ತಿಂಗಳೂ ಆಗಬಹುದು, ನನಗೆ ಆದ ಹಾಗೆ.

ಯುಜಿಸಿ ಫೆಲೋಶಿಪ್ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ನಡೆಯುತ್ತದೆ. ನೀವು ಕೆಲಸ ಮಾಡುತ್ತಿದ್ದೀರಿ ಅಂತ ವಿಶ್ವವಿದ್ಯಾಲಯ ಪ್ರತಿ ತಿಂಗಳು ಅಲ್ಲಿ ಖಾತ್ರಿಪಡಿಸಬೇಕು. ಒಬ್ಬರು ಮೇಕರ್, ಇನ್ನೊಬ್ಬರು ಚೆಕರ್. ಮೇಕರ್ ನಮೂದಿಸುತ್ತಾರೆ, ಚೆಕರ್ ಒಪ್ಪುತ್ತಾರೆ. ಆಮೇಲೆ ದುಡ್ಡು ನೇರ ನಿಮ್ಮ ಖಾತೆಗೆ. ಯಾರಾದರೂ ಒಬ್ಬರು ರಜೆಯಲ್ಲಿದ್ದರೆ ಆ ತಿಂಗಳು ತಪ್ಪುತ್ತದೆ. ಅವರಿಬ್ಬರೂ ಯಾರು ಅಂತ ಸೇರಿದ ವಾರವೇ ತಿಳಿದುಕೊಳ್ಳಿ, ಹೋಗಿ ಪರಿಚಯ ಮಾಡಿಕೊಳ್ಳಿ. ಹಾಜರಾತಿ ಪತ್ರಕ್ಕೆ ತಿಂಗಳ ಕೊನೆಯಲ್ಲೇ ಗೈಡ್ ಸಹಿ ಹಾಕಿಸಿ. ನಿಮಗೆ ವರ್ಷಕ್ಕೆ 30 ದಿನ ರಜೆ ಇದೆ. ಹೆರಿಗೆ, ಮಗು ಆರೈಕೆಯ ರಜೆ 240 ದಿನದವರೆಗೆ. ಕೇಳುವ ಹಕ್ಕು ನಿಮ್ಮದು, ಹುಡುಗಿಯರು ಹಿಂಜರಿಯಬೇಡಿ.

ಕಂಟಿಂಜೆನ್ಸಿ ಅಂತ ಒಂದು ದುಡ್ಡಿದೆ, ಓಡಾಟದಂಥ ಸಂಶೋಧನೆಯ ಚಿಲ್ಲರೆ ಖರ್ಚಿಗೆ. ವಿಜ್ಞಾನದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 12,000, ಆಮೇಲೆ 25,000. ಭಾಷೆ, ಸಮಾಜ ವಿಜ್ಞಾನದವರಿಗೆ 10,000 ಮತ್ತು 20,500. ಸಣ್ಣ ಮೊತ್ತ. ಘಟ್ಟಕ್ಕೆ ನಾಲ್ಕು ಸಲ ಹೋಗಿ ಬಂದರೆ ಖಾಲಿ. ಅದಕ್ಕೇ ಏಪ್ರಿಲ್‌ನಲ್ಲೇ ಕೂತು ಯಾವ ಗಿಡ ಯಾವ ತಿಂಗಳು ಹೂ ಬಿಡುತ್ತದೆ ಅಂತ ಪಟ್ಟಿ ಮಾಡಿ, ಅದರ ಪಕ್ಕ ಖರ್ಚು ಬರೆಯಿರಿ. ಬಸ್ ಟಿಕೆಟ್ ಒಂದೂ ಬಿಸಾಡಬೇಡಿ. ಆ ಶಾಯಿ ಬೇಗ ಅಳಿಸಿಹೋಗುತ್ತದೆ, ಊರಿಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ. ಅಭಯಾರಣ್ಯದೊಳಗೆ ಕೆಲಸವಿದ್ದರೆ ಅರಣ್ಯ ಇಲಾಖೆ ಅನುಮತಿಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಿ. ದುಡ್ಡಿದ್ದೂ ಅನುಮತಿ ಇಲ್ಲದಿದ್ದರೆ ಮಳೆಗಾಲ ಕಾಯುವುದಿಲ್ಲ.

ಕೋರ್ಸ್‌ವರ್ಕ್ (ಪಿಎಚ್‌ಡಿ ಶುರುವಿನಲ್ಲಿ ಓದಿ ಪಾಸಾಗಬೇಕಾದ ಪಾಠಗಳು) ಕನಿಷ್ಠ 12 ಕ್ರೆಡಿಟ್, ಶೇ. 55 ಅಂಕ ಬೇಕು. ಇದನ್ನು ಎಂಎಸ್ಸಿಯ ಇನ್ನೊಂದು ಸೆಮಿಸ್ಟರ್ ಅಂದುಕೊಳ್ಳುವವರೇ ಜಾಸ್ತಿ. ಹಾಗೆ ಮಾಡಬೇಡಿ. ಸಂಶೋಧನಾ ನೀತಿಯ ಪಾಠವನ್ನು ಮನಸ್ಸಿಟ್ಟು ಕೇಳಿ. ಬೇರೆಯವರ ಬರಹಕ್ಕೆ ಹೋಲಿಕೆ ಶೇ. 10 ದಾಟಿದರೆ ಪ್ರಬಂಧ ವಾಪಸ್ ಬರುತ್ತದೆ, 60 ದಾಟಿದರೆ ನೋಂದಣಿಯೇ ರದ್ದು. ವಾರಕ್ಕೆ ನಾಲ್ಕರಿಂದ ಆರು ಗಂಟೆ ಪಾಠ, ಪ್ರಾಕ್ಟಿಕಲ್ ಕೊಟ್ಟರೆ ಸಂತೋಷದಿಂದ ಮಾಡಿ. ಬಿಎಸ್ಸಿ ಮಕ್ಕಳಿಗೆ ಹೂವಿನ ಭಾಗ ಬಿಡಿಸಿ ತೋರಿಸುವಾಗಲೇ ನನಗೆ ನನ್ನ ಆರ್ಕಿಡ್‌ನ ರಚನೆ ಸರಿಯಾಗಿ ಅರ್ಥವಾದದ್ದು.

ವಾಟ್ಸಾಪಿನಲ್ಲಿ ‘ಮೂರು ದಿನದಲ್ಲಿ ಪೇಪರ್ ಪ್ರಕಟಣೆ’ ಅಂತ ಬರುತ್ತದಲ್ಲ, ಅದನ್ನು ಅಳಿಸಿಬಿಡಿ. 2022ರ ಯುಜಿಸಿ ನಿಯಮದಲ್ಲಿ ಪೇಪರ್ ಕಡ್ಡಾಯವಿಲ್ಲ. ನಿಮ್ಮ ವಿಶ್ವವಿದ್ಯಾಲಯ ಕೇಳುತ್ತಿದ್ದರೆ ಅದರ ಸ್ವಂತ ನಿಯಮ ಓದಿ, ಒಂದೇ ಒಂದು ಒಳ್ಳೆಯ ಪೇಪರ್ ಬರೆಯಿರಿ.

ಎರಡು ವರ್ಷ ತುಂಬಿದಾಗ ಎಸ್‌ಆರ್‌ಎಫ್ ಆಗಬೇಕು. ಗೈಡ್, ವಿಭಾಗದ ಮುಖ್ಯಸ್ಥರು, ಹೊರಗಿನ ಒಬ್ಬ ವಿಷಯ ತಜ್ಞರು ಕೂತು ನಿಮ್ಮ ಕೆಲಸ ನೋಡುತ್ತಾರೆ. ಅವರು ಒಪ್ಪಿದರೆ 42,000. ಅದಕ್ಕೆ 21ನೇ ತಿಂಗಳಿನಿಂದಲೇ ತಯಾರಾಗಿ. ಹೊರಗಿನ ತಜ್ಞರ ತಾರೀಕು ಸಿಗುವುದೇ ಕಷ್ಟ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿ ಮುಂದೆ ಇಟ್ಟ ವರದಿಗಳನ್ನು ಒಟ್ಟು ಮಾಡಿ, ಹೋದ ಸಲ ಅವರು ಹೇಳಿದ್ದಕ್ಕೆ ಏನು ಮಾಡಿದಿರಿ ಅಂತ ಒಂದು ಪುಟ ಬರೆಯಿರಿ.

ನನ್ನ ವಿದ್ಯಾರ್ಥಿನಿಯೊಬ್ಬಳು ಆ ದಿನ ಸ್ಲೈಡ್ ಜೊತೆಗೆ ಹಳೆಯ ಪತ್ರಿಕೆಗಳ ನಡುವೆ ಒಣಗಿಸಿದ ನಲವತ್ತು ಹರ್ಬೇರಿಯಂ ಹಾಳೆಗಳನ್ನೂ ತಂದಿದ್ದಳು. ಪ್ರತಿ ಹಾಳೆಯ ಮೇಲೂ ಜಾಗ, ತಾರೀಕು, ಎತ್ತರ. ಹೊರಗಿನಿಂದ ಬಂದ ಮೇಡಂ ಒಂದು ಹಾಳೆ ಎತ್ತಿ, ‘ಇದು ಇಲ್ಲಿ ಸಿಕ್ಕಿತಾ?’ ಅಂತ ಕೇಳಿದರು. ಅವಳು ಫೀಲ್ಡ್ ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದಳು, ಅದಕ್ಕೆ ಪಿನ್ ಮಾಡಿದ್ದ ಬಸ್ ಟಿಕೆಟಿನ ಜೆರಾಕ್ಸ್ ಸಮೇತ. ಅರ್ಧ ಗಂಟೆ ಇಬ್ಬರೂ ಆ ಗಿಡದ ಬಗ್ಗೆಯೇ ಮಾತಾಡಿದರು. ಸಂಜೆ ನಾಲ್ಕಕ್ಕೆ ಮೂರೂ ಸಹಿ ಬಿದ್ದಿದ್ದವು.